ಮುಡಿಪಿನ ರೂಪಾಯಿ

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವಳಿಗೆ ಖೋಟಾ ನಾಣ್ಯ ಗುರುತಿಸುವುದು ದೊಡ್ಡ ವಿದ್ಯೆಯಲ್ಲ. ಆದರೆ ಹಳೆಯ ನಾಣ್ಯ ಹಿಡಿದುಕೊಂಡು ಮೆಲ್ಕಾರಿನ ನನ್ನ ಮನೆ ಹುಡುಕಿ ಬರುವವರಿಗೆ ಅದು ವಿದ್ಯೆಯೇ. ನನಗೂ ಅದರ ಜಂಬ ಇತ್ತು. ಬಾಯಿ ಮೊದಲು, ತಲೆ ಆಮೇಲೆ ಎಂದು ಅಮ್ಮ ನನ್ನನ್ನು ಬೈಯುತ್ತಿದ್ದದ್ದು ಸುಳ್ಳಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಬೆಳ್ತಂಗಡಿ ಕಡೆಯ ಪರಿಚಯದವನೊಬ್ಬ ಕಾರು ತಂದು ನನ್ನನ್ನು ತನ್ನ ಮನೆಗೆ ಕರೆದೊಯ್ದ. ಅವರ ದೈವದ ಕೋಣೆಯಲ್ಲಿ ಒಂದು ಮುಡಿಪು ಇತ್ತು, ಅಜ್ಜನ ಕಾಲದಲ್ಲಿ ಹರಕೆಗೆಂದು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟ, ರಾಣಿಯ ಮುಖದ ಬೆಳ್ಳಿ ರೂಪಾಯಿ. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಪೂಜೆ ಕೊಡುವ ದಿನ ಅದನ್ನು ಬಿಚ್ಚಿ ತೊಳೆದು, ಅರಸಿನ ಹಚ್ಚಿ, ಹೊಸ ಬಟ್ಟೆಯಲ್ಲಿ ಕಟ್ಟುತ್ತಾರೆ. ಈ ಸಲ ಅದು ಅವನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಬೆಳ್ಳಿಯ ಸದ್ದು ಬಂದಿರಲಿಲ್ಲ.

"ಕೋಣೆಯ ಬೀಗದ ಕೈ ತಮ್ಮನ ಹೆಂಡತಿಯ ಹತ್ರ ಇರುವುದು," ಎಂದ. "ನಕಲಿ ಅಂತಾದರೆ ಅವಳು ದೈವದ ಎದುರು ಆಣೆ ಹಾಕಬೇಕು. ಇಲ್ಲದಿದ್ರೆ ತವರಿಗೆ ಹೋಗ್ಲಿ."

ಆ ಹುಡುಗಿ ಮೂಡುಬಿದಿರೆಯಿಂದ ಮದುವೆಯಾಗಿ ಬಂದು ಎರಡೇ ವರ್ಷ. ನಾವು ತಲುಪಿದಾಗ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಗಂಡ ನಮಗೆ ಬೆನ್ನು ಹಾಕಿ ಕಿಟಕಿಯ ಹೊರಗೆ ನೋಡುತ್ತಿದ್ದ. ಅತ್ತೆ ಬೆಂಚಿನ ಮೇಲೆ ಕೂತು ಸೆರಗಿನ ತುದಿ ತಿರುಚುತ್ತಿದ್ದರು. ಯಾರೂ ನನಗೆ ನೀರು ಬೆಲ್ಲ ಕೊಡಲಿಲ್ಲ.

ಪುಟ್ಟ ತಕ್ಕಡಿಯಲ್ಲಿಟ್ಟೆ. ಹನ್ನೊಂದೂವರೆ ಗ್ರಾಮಿನ ಮೇಲೆ ತೂಗಬೇಕಾದದ್ದು ಒಂಬತ್ತಕ್ಕೇ ನಿಂತಿತು. ಬೆರಳ ತುದಿಯಲ್ಲಿಟ್ಟು ಇನ್ನೊಂದು ನಾಣ್ಯದಿಂದ ತಟ್ಟಿದರೆ ಮಡಕೆ ಚೂರಿನ ಸದ್ದು. ಭೂತಗನ್ನಡಿಯಲ್ಲಿ ರಾಣಿಯ ಕೆನ್ನೆಯ ಮೇಲೆ ಸಣ್ಣ ಸಣ್ಣ ಗುಳಿಗಳು ಕಂಡವು. ಅಚ್ಚು ಒತ್ತಿದ ನಾಣ್ಯದಲ್ಲಿ ಅವು ಇರುವುದಿಲ್ಲ, ಎರಕ ಹೊಯ್ದದ್ದರಲ್ಲಿ ಇರುತ್ತವೆ.

"ನಕಲಿ," ಎಂದುಬಿಟ್ಟೆ.

ನನ್ನನ್ನು ಕರೆತಂದ ಅಣ್ಣ ಎದ್ದು ನಿಂತ. "ಕೇಳಿತಲ್ಲ? ನಡಿ, ದೈವದ ಕೋಣೆಗೆ."

ಹುಡುಗಿಯ ಮುಖ ಬಿಳಿಚಿಕೊಂಡಿತು. ನನಗೆ ನನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು. ನಾಣ್ಯದ ಅಂಚನ್ನು ನಾನಿನ್ನೂ ನೋಡಿರಲೇ ಇಲ್ಲ.

"ಕೂತ್ಕೊಳ್ಳಿ, ನನ್ನ ಕೆಲಸ ಮುಗಿಲಿಲ್ಲ," ಎಂದು ಗದರಿದೆ.

ಎರಕದ ಎರಡು ಹೋಳು ಕೂಡಿದ ಗೆರೆ ಅಂಚಿನುದ್ದಕ್ಕೂ ಇತ್ತು. ಅದರೊಳಗೆ ಅರಸಿನ ಕಲ್ಲಿನಂತೆ ಗಟ್ಟಿಯಾಗಿತ್ತು. ಸೂಜಿಯಿಂದ ಕೆರೆದೆ. ಮೇಲೆ ಹಳದಿ, ಕೆಳಗೆ ಕಂದು, ಅದರ ಕೆಳಗೆ ಮಸಿಗಪ್ಪು. ವರ್ಷಕ್ಕೊಮ್ಮೆ ಹಚ್ಚುವ ಅರಸಿನ ಎರಡು ವರ್ಷದಲ್ಲಿ ಹೀಗಾಗುವುದಿಲ್ಲ.

"ಈ ನಕಲಿ ಇಲ್ಲಿಗೆ ಬಂದು ಇಪ್ಪತ್ತು ಮೂವತ್ತು ವರ್ಷ ಆಗಿರಬೇಕು," ಎಂದೆ. "ಆಗ ಬೀಗದ ಕೈ ಯಾರ ಹತ್ರ ಇತ್ತು?"

ಅಣ್ಣ ತನ್ನ ತಾಯಿಯ ಕಡೆ ನೋಡಿದ.

"ನಾನೇ ತೆಗೆದದ್ದು," ಎಂದರು ಅವರು. "ಸಣ್ಣವನಿಗೆ ಜ್ವರ ನೆತ್ತಿಗೇರಿತ್ತು. ಆಸ್ಪತ್ರೆಗೆ ಹೋಗುವ ಅಂದ್ರೆ ಜೀಪಿನವನಿಗೆ ಕೊಡ್ಲಿಕ್ಕೆ ಮನೆಯಲ್ಲಿ ಏನೂ ಇರ್ಲಿಲ್ಲ. ಆಮೇಲೆ ಸಂತೆಯಿಂದ ಇಂಥದ್ದು ತಂದು ಕಟ್ಟಿದೆ. ಹೇಳ್ಲಿಕ್ಕೆ ಹೆದರಿಕೆ ಆಯ್ತು."

ಕಿಟಕಿಯ ಹತ್ತಿರವಿದ್ದ ಆ ಸಣ್ಣವ ಆಗಲೂ ತಿರುಗಲಿಲ್ಲ. ಅಣ್ಣ ಗಂಟಲು ಸರಿಮಾಡಿಕೊಂಡು, "ಆಯ್ತಲ್ಲ, ಇನ್ನು ಬಿಡುವ. ನೀನು ಕಾಫಿ ಮಾಡು," ಎಂದು ಹುಡುಗಿಗೆ ಹೇಳಿದ.

ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿ ಅತ್ತೆಯ ಪಕ್ಕದಲ್ಲಿಟ್ಟಳು. ಒಳಗೆ ಹೋಗಿ ಬಟ್ಟೆ ತುಂಬಿದ ಒಂದು ಚೀಲ ಹಿಡಿದು ಬಂದಳು. "ಬಸ್ಸಿನ ತನಕ ನಿಮ್ಮೊಟ್ಟಿಗೆ ಬರ್ತೇನೆ," ಎಂದಳು. ಅವನ ಕಾರು ಹತ್ತುವ ಮನಸ್ಸು ನನಗೂ ಇರಲಿಲ್ಲ. ಇಬ್ಬರೂ ನಡೆದೆವು.

ಅರ್ಧ ದಾರಿ ಬಂದ ಮೇಲೆ, ಅವಸರದಲ್ಲಿ ಬಾಯಿಬಿಟ್ಟದ್ದಕ್ಕೆ ಕ್ಷಮೆ ಕೇಳಿದೆ.

"ನಿಮ್ಮ ಮೇಲೆ ಬೇಜಾರಿಲ್ಲ," ಎಂದಳು. "ನೀವು ತೂಗುವಾಗ, ತಟ್ಟುವಾಗ, ಕೆರೆಯುವಾಗ ನಾನು ಇವರ ಬೆನ್ನನ್ನೇ ನೋಡ್ತಾ ಇದ್ದೆ. ಒಂದು ಸಲ ತಿರುಗಿ, ಇವಳು ತೆಗೆದಿರ್ಲಿಕ್ಕಿಲ್ಲ ಅಂತ ಹೇಳ್ತಾರಾ ಅಂತ."