ಬಸ್‌ಸ್ಟ್ಯಾಂಡಿನಲ್ಲಿ ತಲೆ ಪರೀಕ್ಷೆ

ಆಗ ನನಗೆ ಐವತ್ತು ಇರಬೇಕು. ಮೂವತ್ತು ವರ್ಷದ ಹಿಂದಿನ ಮಾತು. ಮನೆ ಗೋಡೆ ಬಿದ್ದು ಆಂಧ್ರ ಗಡಿಯ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲೇ ಮಲಗುತ್ತಿದ್ದೆ. ಹಗಲು ಅಲ್ಲೇ ಬೇಯಿಸಿದ ಕಡ್ಲೆಕಾಯಿ ಮಾರುವುದು.

ಪಕ್ಕದ ಕಂಬಕ್ಕೆ ಒರಗಿಕೊಂಡು ಒಬ್ಬಳಿದ್ದಳು, ನನಗಿಂತ ಚಿಕ್ಕವಳು. ಯಾರು ಅನ್ನ ಕೊಟ್ಟರೂ ವಿಷ ಹಾಕಿದ್ದಾರೆ ಅಂತ ಚೆಲ್ಲುತ್ತಿದ್ದಳು. ಸಿಪ್ಪೆಯೊಳಗೆ ಯಾರಿಗೂ ವಿಷ ಇಡೋಕಾಗಲ್ಲವಂತೆ, ಅದಕ್ಕೇ ನನ್ನ ಕಡ್ಲೆಕಾಯಿ ಮಾತ್ರ ಬಿಡಿಸಿಕೊಂಡು ತಿನ್ನುತ್ತಿದ್ದಳು. ಅಷ್ಟರಲ್ಲಿ ಜೀವ ನಿಲ್ಲುತ್ತದಾ? ಎದ್ದು ನಿಲ್ಲೋಕೂ ಕಂಬ ಹಿಡಿಯುವಂಗಾಗಿದ್ದಳು.

ಒಂದು ದಿನ ಜೀಪಲ್ಲಿ ಡಾಕ್ಟರು ಬಂದರು. ಬೀದಿಯಲ್ಲಿ ಮಲಗೋರಲ್ಲಿ ತಲೆ ಕೆಟ್ಟೋರು ಯಾರು ಅಂತ ನೋಡೋಕಂತೆ. ಸದ್ಯ, ಇವಳಿಗೊಂದು ದಾರಿಯಾಯ್ತು ಅಂದುಕೊಂಡೆ.

ಮೊದಲು ಅವಳನ್ನೇ ಕರೆದರು. ಅವಳು ಊರು, ಹೆಸರು, ಗಂಡನ ಹೆಸರು ಎಲ್ಲ ತೆಲುಗಿನಲ್ಲಿ ಪಟಪಟ ಹೇಳಿಬಿಟ್ಟಳು. ಗಂಡನ ಹೆಸರು ಬಾಯಿಬಿಟ್ಟು ಹೇಳಿದಾಗಲೇ ಇವಳ ತಲೆ ನೆಟ್ಟಗಿಲ್ಲ ಅಂತ ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಾಯಿತು. ಪಟ್ಟಣದ ಹುಡುಗ ಡಾಕ್ಟರಿಗೆ ಗೊತ್ತಾಗಲಿಲ್ಲ.

"ಊಟ ಆಯ್ತಾ?"

"ಅಯ್ಯಿಂದಿ ಸಾರ್."

"ನಿದ್ದೆ?"

"ಬಾಗುಂದಿ ಸಾರ್."

ಚೆನ್ನಾಗಿದ್ದಾಳೆ ಅಂತ ಕಳಿಸಿಬಿಟ್ಟರು. ಆಮೇಲೆ ನನ್ನ ಸರದಿ.

"ಗಂಡನ ಹೆಸರು?"

"ಹೇಳಲ್ಲ."

"ಮರೆತುಹೋಯ್ತಾ?"

"ಯಾವ ಹೆಂಗ್ಸು ಗಂಡನ ಹೆಸ್ರು ಹೇಳ್ತಾಳೆ ಕಣಪ್ಪ?"

"ಒಬ್ಬರೇ ಇದ್ದಾಗ ಮಾತಾಡ್ತೀರಾ?"

"ಊಂ. ಸತ್ತ ಗಂಡನ್ನ ಬೈತೀನಿ."

"ಅವರು ಉತ್ತರ ಕೊಡ್ತಾರಾ?"

"ಬದುಕಿದ್ದಾಗ್ಲೇ ಕೊಡ್ತಿರ್ಲಿಲ್ಲ, ಈಗ ಕೊಟ್ಟಾನಾ? ನಂದಿರ್ಲಿ ಬಿಡು, ಅವಳನ್ನ ನೋಡು. ಅನ್ನದಾಗೆ ವಿಷ ಐತೆ ಅಂತ ಉಪಾಸ ಸಾಯ್ತಾವ್ಳೆ."

ಡಾಕ್ಟರು ಮೆತ್ತಗೆ ತಲೆಯಾಡಿಸಿ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವನಿಗೆ ಹೇಳಿದರು: "ಈಯಮ್ಮನಿಗೆ ವಿಷದ ಅನುಮಾನವೂ ಇದೆ."

ಅವಳ ಕಾಯಿಲೆಯನ್ನೂ ನನಗೇ ಕೊಟ್ಟರು. ನಾಳೆ ಹಿಂದೂಪುರಕ್ಕೆ ಬನ್ನಿ, ದೊಡ್ಡ ಡಾಕ್ಟರು ನೋಡುತ್ತಾರೆ, ಒಬ್ಬರೇ ಬರಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ ಅಂದರು. ಟೀ ಅಂಗಡಿಯವನು ಬಿದ್ದುಬಿದ್ದು ನಕ್ಕ. "ಏನಮ್ಮೋ, ಹುಚ್ಚಿ ಬೇಯ್ಸಿದ ಕಾಯಿ ಇನ್ನು ಯಾರು ತಿಂತಾರೆ?"

"ಇಷ್ಟು ದಿನ ತಿಂದಿದ್ದೀಯಲ್ಲ, ನೀನೂ ಹೋಗಿ ತೋರಿಸ್ಕೋ" ಅಂದೆ.

ಅವಳನ್ನು ಆ ಕಂಬದಿಂದ ಎಬ್ಬಿಸೋಕೆ ಹಿಂದೆ ಎಷ್ಟೋ ಜನ ನೋಡಿದ್ದರು. ಯಾರ ಮಾತೂ ಕೇಳಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾನು ಹೋಗಿ, "ನಂಗೆ ತಲೆ ಕೆಟ್ಟಿದೆಯಂತೆ ಕಣಮ್ಮ, ಹಿಂದೂಪುರಕ್ಕೆ ಹೋಯ್ತೀನಿ, ಜೊತೆಗೆ ಯಾರೂ ಇಲ್ಲ" ಅಂದೆ.

ನನ್ನ ಮುಖವನ್ನೇ ನೋಡಿದಳು. "ಅಯ್ಯೋ ಪಾಪಂ, ಪದಮ್ಮಾ, ನಡಿ ಹೋಗೋಣ" ಅಂತ ಕಂಬ ಬಿಟ್ಟು ನನ್ನ ಕೈ ಹಿಡಿದುಕೊಂಡಳು.

ಬಸ್ಸಿನುದ್ದಕ್ಕೂ ಕಡ್ಲೆಕಾಯಿ ಬಿಡಿಸುತ್ತಾ, ಭಯಪಡಬೇಡ ಅಂತ ನನಗೆ ಧೈರ್ಯ ಹೇಳಿದಳು. ಆಸ್ಪತ್ರೆಯಲ್ಲಿ ನನ್ನ ಹೆಸರು ಕೂಗಿದಾಗ, ದೊಡ್ಡ ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ ನಾನು ಹಿಂದೆ ನಿಂತುಕೊಂಡೆ.