ಬಿಳಿ ದೋಣಿಯ ಮೇಲೆ ಅರಿಷಿಣದ ಕೈಗಳು

ಕೊಲ್ಹಾರದ ಮೇಲೆ ಬಂದ ಕೂಡಲೇ ಚಂದ್ರ ಒಂದು ತುಂಡು ಮೋಡ ಎಳೆದುಕೊಂಡು ಮುಖ ಮುಚ್ಚಿಕೊಳ್ಳುತ್ತಾನೆ ಎಂದು ಆ ಊರಿನವರು ಹೇಳುತ್ತಿದ್ದರು. ಮುಖದ ಮೇಲಿನ ಕಲೆ ಕಣ್ಣಿಗೆ ಬಿದ್ದರೆ, ದೋಣಿ ನಡೆಸುವ ಚಮನಸಾಬ ಹೆಗಲ ಮೇಲಿನ ಟುವಾಲು ಹಿಡಿದು ಒರೆಸಲು ಬಂದಾನೆಂಬ ಭಯವಂತೆ! ಆ ಟುವಾಲಿನ ಪ್ರತಾಪ ಕೃಷ್ಣೆಯ ಎರಡೂ ದಂಡೆಗೆ ಗೊತ್ತಿತ್ತು. ಚಹಾದಂಗಡಿಯಲ್ಲಿ ಬಸಿ ಕೈಗೆ ಬಂದರೆ ಮೊದಲು ಅದರ ಬುಡ ಒರೆಸುತ್ತಿದ್ದ. ದೋಣಿ ಹತ್ತುವ ಆಡಿನ ಕಾಲು ಒರೆಸುತ್ತಿದ್ದ. ಒಮ್ಮೆ ಮದುವೆ ದಿಬ್ಬಣ ದಾಟಿಸುವಾಗ ಮದುಮಗನ ಗಲ್ಲದ ಮೇಲಿನ ಮಚ್ಚೆಯನ್ನು ನಡುನೀರಿನಲ್ಲಿ ಉಜ್ಜತೊಡಗಿ, ಬೀಗರೆಲ್ಲ ಎದ್ದು ನಿಂತು, ದೋಣಿ ಹೊಯ್ದಾಡಿ, ಮುಹೂರ್ತವೇ ಮುಳುಗುವುದರಲ್ಲಿತ್ತು.

ಇಂಥವನ ಪಾಲಿಗೆ ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ, ಲಾರಿಯ ಮೇಲೆ ಮಲಗಿ, ಒಂದು ಬಿಳಿ ದೋಣಿ ಬಂತು. ನದಿಯ ಆಳ ಅಳೆಯಲು ಬಂದಿದ್ದ ಸರಕಾರಿ ಕ್ಯಾಂಪಿನದು. ಫೈಬರ್‌ಗ್ಲಾಸಿನದಂತೆ. ಹಲಗೆಯಿಲ್ಲ, ಮೊಳೆಯಿಲ್ಲ, ಡಾಂಬರಿನ ವಾಸನೆಯಿಲ್ಲ. ಅರ್ಧಕ್ಕೆ ಸೀಳಿದ ಮೊಟ್ಟೆಯ ಹಾಗೆ ಹೊಳೆಯುತ್ತಿತ್ತು. ಚಮನಸಾಬ ಅದನ್ನು ನೋಡಿದ. ಜೀವನದಲ್ಲಿ ಮೊದಲ ಸಲ ಟುವಾಲಿಗೆ ಕೆಲಸ ಕಾಣಲಿಲ್ಲ. ಅವನ ಸ್ವಂತ ಮರದ ದೋಣಿ ಅಡಿ ಕೊಳೆತು ದಂಡೆ ಸೇರಿತ್ತು. ಕ್ಯಾಂಪಿನ ಓವರ್‌ಸಿಯರ್ ಬಸಂತರಾಯರು ಬಿಳಿ ದೋಣಿಯನ್ನು ಅವನ ಕೈಗೇ ಕೊಡುವುದಾಗಿ ಹೇಳಿದ್ದರು. ಸೋಮವಾರ ಇಂಜಿನಿಯರ್ ಸಾಹೇಬರು ಬಂದು, ದೋಣಿಯನ್ನೂ ದೋಣಿಯವನನ್ನೂ ನೋಡಿ ಹೂಂ ಅಂದರೆ ಕೆಲಸ ಪಕ್ಕಾ.

ಆದರೆ ಆ ದಂಡೆಯಲ್ಲಿ ಹೊಸ ದೋಣಿಯೆಂದರೆ ಹೊಸ ಸೊಸೆ. ನೀರಿಗಿಳಿಯುವ ಮೊದಲು ಉಡಿ ತುಂಬಬೇಕು. ಮುತ್ತೈದೆಯರು ಎಣ್ಣೆಯಲ್ಲಿ ಕಲಸಿದ ಅರಿಷಿಣದಲ್ಲಿ ಅಂಗೈ ಅದ್ದಿ ಅದರ ಮೂತಿಯ ಎರಡೂ ಬದಿಗೆ ಒತ್ತಬೇಕು. ಡಾಂಬರು ಬಳಿದ ಕರಿ ಹಲಗೆಯ ಮೇಲೆ ಒತ್ತಿದ ಕೈ ಒತ್ತಿದಲ್ಲೇ ಮಾಯವಾಗುತ್ತಿತ್ತು. ಹಿರಿಯಳಾದ ಸಿದ್ದಲಿಂಗವ್ವ ಮುಂದಾಳಾಗಿ ಹೆಂಗಸರು ಬಿಳಿ ದೋಣಿಗೂ ಅದನ್ನೇ ಮಾಡಿದರು. ಬಸಂತರಾಯರು ತಾವೇ ಕಾಯಿ ಒಡೆದರು, ಎರಡು ಹೋಳಿಗೆ ತಿಂದರು, ತುಪ್ಪ ಇನ್ನೊಂದಿಷ್ಟು ಬೇಕೆಂದರು.

ಮರುದಿನ ಬೆಳಿಗ್ಗೆ ನೋಡಿದರೆ ಹಳದಿ ಕೈಗಳು ದೋಣಿಯ ಮೇಲಿಂದ ಊರಿಗೆಲ್ಲ ಆಶೀರ್ವಾದ ಮಾಡುತ್ತಿದ್ದವು.

“ಏ ಸಾಬಾ!” ಬಸಂತರಾಯರು ಕೂಗಿದರು. “ಸರಕಾರಿ ದೋಣಿಗೆ ಇದೇನೋ ಅವತಾರ? ಸೋಮವಾರದೊಳಗ ಈ ಕಲೆ ಹೋಗಬೇಕು. ಇಲ್ಲಂದ್ರ ಬಾಗೇವಾಡಿಯಿಂದ ಬ್ಯಾರೆ ಮನುಷ್ಯಾನ್ನ ಕರಸ್ತೇನಿ.”

“ಸಾಹೇಬ್ರ, ಕಾಯಿ ಒಡದವ್ರು ನೀವರೀ!”

“ಕಾಯಿ ಒಡದೇನಿ. ಕೈ ಒತ್ತೇನೇನು?”

“ಹೋಳಿಗಿ?”

“ಹೋಳಿಗಿ ತಿಂದ್ರ ಕಲೆ ಬೀಳತೈತೇನೋ? ಮತ್ತ ಕೇಳಿಲ್ಲಿ, ಇಟ್ಟಂಗಿ ಪುಡಿ, ಮರಳು ಹಾಕಿ ತಿಕ್ಕಿ ಗೀರು ಕೆಡವಿದ್ಯೋ, ನೋಡು!”

ಚಮನಸಾಬನ ಮೀಸೆಯ ತುದಿ ಅದುರಿತು. ಉಡಿ ತುಂಬಿದವರು ಊರವರು, ಕಾಯಿ ಒಡೆದದ್ದು ಸರಕಾರ, ತಪ್ಪು ಮಾತ್ರ ಅವನದು! ಆದರೂ ಅವನು ಯುದ್ಧಕ್ಕಿಳಿದ. ಮೊದಲು ಟುವಾಲು ನುಗ್ಗಿತು. ಟುವಾಲು ಹಳದಿಯಾಯಿತು, ದೋಣಿ ಹಾಗೇ ಉಳಿಯಿತು. ಬಟ್ಟೆ ಸಾಬೂನು ನೊರೆ ಕಾರಿ ಸೋತಿತು. ಸೀಮೆಎಣ್ಣೆ ವಾಸನೆಯೊಂದನ್ನು ಬಿಟ್ಟು ಹೋಯಿತು. ಕಡೆಗೆ ಬ್ರಹ್ಮಾಸ್ತ್ರವೆಂದು ಅಗಸರ ಸೋಡಾ ತಂದು ನೀರಲ್ಲಿ ಕಲಸಿ ಬಳಿದ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಳದಿ ಕೈಗಳೆಲ್ಲ ರಕ್ತಗೆಂಪು!

ಬಸಂತರಾಯರು ಡೇರೆಯಿಂದ ಓಡಿ ಬಂದರು. “ಯಾರನ್ನ ಕಡದಿಯೋ?”

ನೀರಿಗೆ ಬಂದಿದ್ದ ಸಿದ್ದಲಿಂಗವ್ವ ಕೊಡ ಇಳಿಸಿ ನಗತೊಡಗಿದಳು. “ಅರಿಷಿಣಕ್ಕ ಸುಣ್ಣ ಹಾಕಿ ಆರತಿ ನೀರು ಕೆಂಪು ಮಾಡೂದು ಸಣ್ಣ ಹುಡುಗೀರಿಗೂ ಗೊತ್ತೈತಿ. ಸೋಡಾನೂ ಸುಣ್ಣದ ತಮ್ಮನ. ನಿನಗ ಯಾರು ಹಾಕಂದ್ರಪಾ?”

“ಯಕ್ಕಾ, ನಗಬ್ಯಾಡ! ನಿಮ್ಮ ಕೈ ನನ್ನ ಅನ್ನದ ಮ್ಯಾಲೆ ಕುಂತಾವು!”

“ಸೊಸಿ ಮೈಮ್ಯಾಲಿನ ಅರಿಷಿಣಾನ ಯಾರರ ತಿಕ್ಕಿ ತೆಗೀತಾರೇನೋ? ತಾನಽ ಹೋಗತೈತಿ, ಬಿಡು.”

“ಸೊಸೀನ್ನ ಇಂಜಿನಿಯರ್ ಬಂದು ನೋಡ್ತಾನೇನು?” ಎಂದು ಚಮನಸಾಬ ಗುಡುಗಿದ. ದಂಡೆಯ ಮೇಲಿನ ಕೊಕ್ಕರೆ ಹಾರಿ ಹೋಯಿತು.

ಅವನ ಹೆಂಡತಿ ಹಜರಾಬಿ ಉಪ್ಪಿನಕಾಯಿಗೆಂದು ಇಂಡಿ ಸಂತೆಯಿಂದ ತರಿಸಿಟ್ಟಿದ್ದ ನಿಂಬೆಹಣ್ಣು ಹೋಳು ಮಾಡಿ ತಂದಳು. ತಿಕ್ಕಿದ. ಕೆಂಪು ಹೋಯಿತು. ಚಮನಸಾಬ ಗೆದ್ದೆನೆಂದು ಟುವಾಲು ಎತ್ತಿ ಬೀಸಿದ. ನೀರು ಹಾಕಿ ನೋಡಿದರೆ ಹಳದಿ ಕೈಗಳು ಮೊದಲಿನ ಜಾಗದಲ್ಲೇ, ಸ್ನಾನ ಮಾಡಿ ಬಂದವರ ಹಾಗೆ ನಿಂತಿದ್ದವು.

ಆಗ ಅವನ ಸಹನೆ ಹರಿಯಿತು. “ಸಾಬೂನಿನವಗ ನಾಚಿಕಿಲ್ಲ, ಸೋಡಾದವಗ ಮಾನಿಲ್ಲ! ಒಂದು ಕಲೆ ತಡಕೊಳ್ಳಾಕ ಆಗದ ದೋಣಿ, ನಾಳೆ ಹೊಳಿ ತಡಕೊಳ್ಳತೈತೇನು? ಬಿಳೀದು ಮಾಡು ಅಂತ ಇವರಿಗೆ ಯಾರು ಹೇಳಿದ್ರು? ಹೊಳಿ ಬಿಳೀದೈತೇನು? ನಾ ಬಿಳಿ ಅದೇನೇನು?” ಕಾಲಿಂದ ಬಕೆಟ್ಟು ಒದ್ದ. ಕೈಗಳು ಅವನನ್ನು ನೋಡಿ ನಗುತ್ತಿವೆ ಎನ್ನಿಸಿ, ಇಬ್ಬರು ಕೂಲಿಗಳನ್ನು ಕರೆದು ದೋಣಿಯನ್ನು ದಂಡೆಯ ಮರಳಿನ ಮೇಲೆ ಅಡಿ ಮೇಲಾಗುವಂತೆ ಡಬ್ಬ ಹಾಕಿಸಿದ. ಮನೆಗೆ ಹೋದವನೇ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ.

ಹೊರಗೆ ಬೇಸಿಗೆಯ ಬಿಸಿಲು ಬಂಡೆ ಸೀಳುತ್ತಿತ್ತು, ತಲೆಕೆಳಗಾದ ಹಳದಿ ಕೈಗಳ ಮೇಲೂ ದಿನವಿಡೀ ಸುರಿಯುತ್ತಿತ್ತು. ಬಸಂತರಾಯರು ಹೇಳಿ ಕಳಿಸಿದರು, ಅವನು ಏಳಲಿಲ್ಲ. ಹಜರಾಬಿ ರೊಟ್ಟಿ ಮುಂದಿಟ್ಟು, “ಕೆಲಸ ಹೋತಂದ್ರ ಈ ಸಿಟ್ಟನ್ನ ಪಲ್ಯಾ ಮಾಡಿ ಹಾಕ್ಲೇನ್ರಿ?” ಎಂದಳು. ರೊಟ್ಟಿ ತಿಂದ, ಮತ್ತೆ ಗೋಡೆಗೆ ತಿರುಗಿದ.

ಸೋಮವಾರ ಜೀಪಿನ ಸದ್ದು ಕೇಳಿ ದಂಡೆಗೆ ಬಂದ. ಕೆಲಸ ಹೋಗಲಿ, ಇಂಜಿನಿಯರರ ಮುಂದೆ ಹೋಳಿಗೆಯ ವಿಷಯ ಹೇಳಿಯೇ ತೀರಬೇಕೆಂದು ಬಾಯಲ್ಲಿ ಮಾತು ಮಸೆದಿಟ್ಟುಕೊಂಡಿದ್ದ. ಅಲ್ಲಿ ನೋಡಿದರೆ ದೋಣಿಯ ಸುತ್ತ ಊರೇ ನೆರೆದಿತ್ತು. ಮೂತಿಯ ಮೇಲೆ ಒಂದು ಕೈಯೂ ಇರಲಿಲ್ಲ. ಹಾಲಿನಷ್ಟು ಬಿಳಿ.

“ಹೊಳೆವ್ವ ಉಡಿ ಒಪ್ಪಿಸಿಕೊಂಡ್ಲು!” ಎಂದು ಸಿದ್ದಲಿಂಗವ್ವ ಕೈ ಮುಗಿದಳು. ಚಮನಸಾಬನ ಟುವಾಲು ರಾತ್ರಿ ತಾನೇ ಎದ್ದು ಬಂದು ಒರೆಸಿತೆಂದು ಇನ್ನೊಬ್ಬರು ಆಣೆ ಮಾಡಿದರು. “ನನ್ನ ಸಲಹಾ ಪ್ರಕಾರ ಎಣ್ಣಿ ಅರಿಷಿಣದ ಕಲೆ ತೆಗದಾನ್ರಿ ಸರ್,” ಎಂದು ಬಸಂತರಾಯರು ನಡುವೆ ತೂರಿದರು.

ಇಂಜಿನಿಯರ್ ಸಾಹೇಬರು ದೋಣಿಯ ಮೈ ಸವರಿ ನೋಡಿದರು. ಒಂದು ಗೀರಿಲ್ಲ. “ದೋಣಿ ಇವರ ಕೈಯಾಗ ಇರಲಿ,” ಎಂದರು. ಆಮೇಲೆ ಚಮನಸಾಬನ ಕಡೆ ತಿರುಗಿ, “ಅಲ್ರೀ, ಎಣ್ಣೆ ಅರಿಷಿಣ ಹೋಗೋದು ಕಷ್ಟ. ಏನು ಹಚ್ಚಿದಿರಿ?” ಎಂದು ಕೇಳಿದರು.

ಊರೇ ಒಂದು ಹೆಜ್ಜೆ ಮುಂದೆ ಬಂತು.

“ಏನೂ ಹಚ್ಚಿಲ್ರಿ,” ಎಂದ ಚಮನಸಾಬ. “ಸಿಟ್ಟು ಬಂತು, ಬಿಸಲಾಗ ಡಬ್ಬ ಹಾಕಿ ಹೋಗಿ ಮಲಕೊಂಡೇನ್ರಿ.”