ಹುಲಿಗೆವ್ವ ಹಿಡಿದ ವಾರಗಳು

ಹಳೇ ಹುಬ್ಬಳ್ಳಿಯಲ್ಲಿ ಶಾಂತಯ್ಯನ ಖಾನಾವಳಿ ಅಂದರೆ ಹುಲಿಗೆವ್ವನ ರೊಟ್ಟಿ. ಮಂದಿ ಹಂಗೇ ತಿಳಿದಿದ್ದರು. ಹಿಟ್ಟು ನಾದಿ ಆಕೆ ಬಡಿಯಲು ಕೂತಳೆಂದರೆ ಅಂಗೈ ಸಪ್ಪಳ ರಸ್ತೆಯವರೆಗೆ ಕೇಳುತ್ತಿತ್ತು. ಅದನ್ನು ಕೇಳಿ ಸೈಕಲ್ ಇಳಿದು ಒಳಗೆ ಬರುವವರೂ ಇದ್ದರು. ಹಂಚಿನ ಮೇಲೆ ಉಬ್ಬಿದ ರೊಟ್ಟಿ ಗಿರಾಕಿಯ ತಾಟಿಗೆ ಬೀಳುವಾಗಲೂ ಉಬ್ಬಿಕೊಂಡೇ ಇರಬೇಕು, ಇಲ್ಲದಿದ್ದರೆ ಆಕೆಗೆ ಸಮಾಧಾನವಿಲ್ಲ.

ಆಕೆ ಶಿರಗುಪ್ಪಿಯ ಮಗಳು. ಎ.ಪಿ.ಎಂ.ಸಿ.ಯಲ್ಲಿ ಹಮಾಲಿ ಮಾಡುವ ಗುಡ್ಡಪ್ಪನನ್ನು ಲಗ್ನವಾಗಿ ಹುಬ್ಬಳ್ಳಿಗೆ ಬಂದಳು. ಒಬ್ಬಳೇ ಮಗಳು, ಕಾವೇರಿ. ದೇವಿಯ ಹೆಸರನ್ನೇ ಹೊತ್ತವಳಾದ್ದರಿಂದ ಹುಲಿಗೆವ್ವ ಸಣ್ಣಂದಿನಿಂದ ಮಂಗಳವಾರ, ಶುಕ್ರವಾರ ವಾರ ಹಿಡಿದಿದ್ದಳು. ಆ ದಿನ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಒಲೆಯ ಮುಂದೆ ಕೂತು ನೂರಾರು ಮಂದಿಗೆ ರೊಟ್ಟಿ ಬಡಿದು, ತಾನು ನೀರು ಕುಡಿದು ಮನೆಗೆ ಹೋಗುತ್ತಿದ್ದಳು. ಸೈಕಲ್ ರಿಪೇರಿಯ ಗುಲಾಬಸಾಬ ಊಟಕ್ಕೆ ಬಂದಾಗಲೆಲ್ಲ ಕೆಣಕುತ್ತಿದ್ದ.

"ಊರಿಗೆಲ್ಲಾ ಉಣಸ್ತಿ ಬೇ ಹುಲಿಗೆವ್ವ, ನಿನ್ನ ಹೊಟ್ಟಿ ಏನ್ ತಪ್ಪ ಮಾಡೇತಿ?"

"ನೀವು ರೋಜಾ ಹಿಡಿದಾಗ ನಾ ಕೇಳೇನೇನ್ರಿ?"

"ನಾವು ಸಂಜೀಕೆ ಉಣ್ತೇವಲ್ಲ."

"ನಾನೂ ಮರದಿನಾ ಉಣ್ತೇನಿ ತಗೋರಿ," ಎಂದು ಆಕೆ ಇನ್ನೊಂದು ರೊಟ್ಟಿ ಅವನ ತಾಟಿಗೆ ಎಸೆಯುವಳು.

ಮೊದಲ ಸಲ ಹೊಟ್ಟೆ ಹಿಡಿದದ್ದು ತೊಂಬತ್ತಮೂರರ ನವರಾತ್ರಿಯಲ್ಲಿ. ಕಾವೇರಿ ಆಗಿನ್ನೂ ಕೈಗೂಸು. ದೇವಿಯ ಘಟ್ಟ ಹಾಕಿ ಉಪವಾಸ ಕೂತಿದ್ದ ಹುಲಿಗೆವ್ವನಿಗೆ ಹಬ್ಬದ ನಡುವೆ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ವಾಂತಿ, ಬೆವರು, ಎದೆ ಡವಡವ. ನರ್ಸಿಂಗ್ ಹೋಮಿನಲ್ಲಿ ಅಪೆಂಡಿಕ್ಸ್ ಎಂದರು, ಕೊಯ್ದು ತೆಗೆದರು. ಮುಂದಿನ ವರ್ಷ ನೋವು ಮತ್ತೆ ಬಂತು. ಅದಾದ ಮೇಲೆ ಬರುತ್ತಲೇ ಇತ್ತು. ಇನ್ನೊಂದು ದವಾಖಾನೆಯಲ್ಲಿ ಗರ್ಭಚೀಲದ ದೋಷ ಎಂದು ಅದನ್ನೂ ತೆಗೆದರು. ನೋವಿಗೆ ಅದರಿಂದ ಏನೂ ಆಗಲಿಲ್ಲ. ಸ್ಕ್ಯಾನಿಂಗ್ ಮಾಡಿಸಿದರೆ ಎಲ್ಲ ನೆಟ್ಟಗಿದೆ ಎಂದು ಬರುತ್ತಿತ್ತು. ಕಡೆಗೆ ಒಬ್ಬ ಡಾಕ್ಟರು ಗುಡ್ಡಪ್ಪನನ್ನು ಹೊರಗೆ ಕರೆದು, ಇದು ಮನಸ್ಸಿನ ಬೇನೆ, ನಿನ್ನ ಹೆಂಡತಿಗೆ ಹೊಟ್ಟೆಯಲ್ಲಿ ಏನೂ ಇಲ್ಲ ಎಂದು ಹೇಳಿ ಕಳಿಸಿದರು.

ಆ ಮಾತು ಮನೆಗೆ ಬಂದದ್ದೇ ತಡ, ಅತ್ತೆ ಶರಣವ್ವ ಅದನ್ನು ಹಿಡಿದುಕೊಂಡಳು. ಬಾಗಿಲಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ಭಾಳ ಶಾಣ್ಯಾ ಬ್ಯಾನಿರೀ ಇದು. ಹಬ್ಬಾ ನೋಡ್ಕೊಂಡ ಬರತೈತಿ. ಕೆಲಸಾ ತಪ್ಪಿದ್ರ ತಾನ ಹೊಕ್ಕೈತಿ."

ಆದರೆ ಅತ್ತೆಯ ಮಾತಿಗಿಂತ ಹೆಚ್ಚಾಗಿ ಒಂದು ಸಂಗತಿ ಹುಲಿಗೆವ್ವನನ್ನು ತಿನ್ನುತ್ತಿತ್ತು. ಆಕೆಯ ಹಡೆದವ್ವನೂ ಶಿರಗುಪ್ಪಿಯಲ್ಲಿ ಹೀಗೇ ಹೊಟ್ಟೆ ಹಿಡಿದುಕೊಂಡು ಉರುಳಾಡಿ ಸತ್ತಿದ್ದಳು. ಯಾಕೆ ಸತ್ತಳು ಎಂದು ಯಾರಿಗೂ ತಿಳಿದಿರಲಿಲ್ಲ. ತಾನೂ ಹಾಗೆ ಹೆಸರಿಲ್ಲದ ಬೇನೆಯಿಂದ, ನಾಟಕ ಮಾಡುವವಳು ಅನ್ನಿಸಿಕೊಂಡು ಸಾಯಬಾರದು. ಆಕೆ ಬೇಡಿಕೊಳ್ಳುತ್ತಿದ್ದುದು ಇಷ್ಟೇ.

ನೋವು ಬಂದಾಗ ಗುಡ್ಡಪ್ಪ ಆಕೆಯನ್ನು ಎತ್ತಿಕೊಂಡು ಓಡುತ್ತಿದ್ದುದು ಓಣಿಯ ದುರ್ಗೇಶ ಡಾಕ್ಟರ ಕಡೆಗೆ. ಅವರು ಹೆಚ್ಚು ಕೇಳುತ್ತಿರಲಿಲ್ಲ, ಗ್ಲೂಕೋಸಿನ ಸಲಾಯಿನ್ ಹಚ್ಚುತ್ತಿದ್ದರು. ಬಾಟಲಿ ಮೇಲೆ ಬಾಟಲಿ ಇಳಿದಂತೆ ನೋವೂ ಇಳಿಯುತ್ತಿತ್ತು. ಅದು ಯಾಕೆ ಇಳಿಯುತ್ತದೆ ಎಂದು ಯಾರೂ ಯೋಚಿಸಲಿಲ್ಲ. ದೇವಿ ತಾಯಿ ಕೈ ಹಿಡಿದಳು ಎಂದು ಹುಲಿಗೆವ್ವ ಎದ್ದು ಕೂತು ಕೈ ಮುಗಿಯುವಳು. ತಾಯಿ ಹಿಂಗೆ ಕಾಯುವಾಗ ತಾನು ಸುಮ್ಮನಿರುವುದು ಹೇಗೆ? ಮಂಗಳವಾರ ಶುಕ್ರವಾರದ ಜೊತೆಗೆ ಹುಣ್ಣಿಮೆ ಸೇರಿತು. ಇನ್ನೊಂದು ಸಲ ಬದುಕಿದ ಮೇಲೆ ಅಮಾಸೆಯೂ ಸೇರಿತು. ಗುಡ್ಡಪ್ಪನಿಗೆ ಹೆಮ್ಮೆ. ಬಜಾರಿನಲ್ಲಿ ಮೂಟೆ ಇಳಿಸುತ್ತ, ನಮ್ಮಾಕಿಯಂಗ ನೇಮಾ ಮಾಡಾವ್ರು ಹುಬ್ಬಳ್ಳ್ಯಾಗ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದ.

ಎರಡು ಸಾವಿರದ ಒಂಬತ್ತರಲ್ಲಿ ಯಾರೋ ರಾಯಾಪುರದ ಹತ್ತಿರದ ಒಂದು ಟ್ರಸ್ಟಿನ ಆಸ್ಪತ್ರೆಯ ಸುದ್ದಿ ಹೇಳಿದರು. ಅಲ್ಲಿ ಪ್ರಾಚಿ ಎಂಬ ಡಾಕ್ಟರು ಇದ್ದರು. ಧಾರವಾಡದ ಮಾಳಮಡ್ಡಿಯವರು, ಹೊರಗೆ ಓದಿ ಬಂದವರು. ಸ್ಕ್ಯಾನಿಂಗಿನಲ್ಲಿ ಕಾರಣ ಸಿಗದ ಹೊಟ್ಟೆನೋವುಗಳನ್ನು ರಕ್ತದಿಂದ ಹುಡುಕುವ ಕೆಲಸ ಅವರದು. ಹಳೆಯ ಕಾಗದಗಳನ್ನೆಲ್ಲ ನೋಡಿದ ಮೇಲೆ ಅವರು ಗಂಡಹೆಂಡತಿಗೆ ತಿಳಿಸಿ ಹೇಳಿದರು: ನಾವು ಉಂಡದ್ದನ್ನು ದೇಹ ಒಡೆದು, ಕೂಡಿಸಿ, ಬಳಸಿಕೊಳ್ಳುವಾಗ ನೂರಾರು ಸಣ್ಣ ಸಣ್ಣ ಪದಾರ್ಥಗಳು ರಕ್ತಕ್ಕೆ ಇಳಿಯುತ್ತವೆ. ಒಂದೊಂದು ಬೇನೆಯಲ್ಲಿ ಒಂದೊಂದು ಪದಾರ್ಥ ಏರುತ್ತದೆ, ಇನ್ನೊಂದು ತಗ್ಗುತ್ತದೆ. ಎಲ್ಲವನ್ನೂ ಒಟ್ಟಿಗೆ ಅಳೆದು ನೋಡುವ ಯಂತ್ರ ದೂರದ ಊರಿನಲ್ಲಿದೆ, ಅಲ್ಲಿಗೆ ರಕ್ತ ಕಳಿಸಬೇಕು. ಆದರೆ ನೋವು ಇಳಿದ ಮೇಲೆ ತೆಗೆದರೆ ಉಪಯೋಗವಿಲ್ಲ. ನೋವು ಏರಿದ ಹೊತ್ತಿಗೇ, ಸಲಾಯಿನ್ ಹಚ್ಚುವ ಮೊದಲೇ ತೆಗೆಯಬೇಕು.

ಊಟ ಹೇಗೆ ಎಂದೂ ಕೇಳಿದರು. ಹುಲಿಗೆವ್ವ, ಊಟಾ ಎಲ್ಲಾ ಛಲೋ ಐತ್ರಿ ಎಂದಳು. ಅದು ಸುಳ್ಳೆಂದು ಆಕೆಗೆ ಅನ್ನಿಸಲೇ ಇಲ್ಲ. ತಾಯಿಗೆ ಮಾಡುವ ನೇಮವನ್ನು ಪೆನ್ನು ಹಿಡಿದು ಕೂತವರ ಮುಂದೆ ಹೇಳಿಕೊಂಡರೆ ಅದು ಜಂಬವಾಗುತ್ತದೆ, ಫಲ ಹೋಗುತ್ತದೆ. ಪಕ್ಕದಲ್ಲಿದ್ದ ಗುಡ್ಡಪ್ಪನೂ ಬಾಯಿ ಬಿಡಲಿಲ್ಲ. ಬಜಾರಿನಲ್ಲಿ ಹೇಳಿಕೊಳ್ಳುವವನು ಅಲ್ಲಿ ಸುಮ್ಮನಾದ. ಬೇನೆಗೂ ವಾರಕ್ಕೂ ಏನು ಸಂಬಂಧ?

ಮುಂದಿನ ಸಲ ನೋವು ಬಂದಾಗ ಗುಡ್ಡಪ್ಪನಿಂದ ತಡೆಯಲಾಗಲಿಲ್ಲ, ದುರ್ಗೇಶ ಡಾಕ್ಟರ ಕಡೆಗೇ ಓಡಿದ. ಮರುದಿನ ರಾಯಾಪುರಕ್ಕೆ ಹೋದರೆ ಪ್ರಾಚಿ ಬೇಸರ ಮಾಡಿಕೊಂಡರು, ನಗುತ್ತ ಕೂತ ಪೇಶಂಟಿನ ರಕ್ತ ತೆಗೆದು ಏನು ಮಾಡಲಿ ಎಂದರು.

ಅದರ ಮುಂದಿನ ಸಲ ಅವನು ಮನಸ್ಸು ಗಟ್ಟಿ ಮಾಡಿಕೊಂಡ. ಗೌಸಮೊದ್ದೀನನ ಆಟೋದಲ್ಲಿ ಆಕೆಯನ್ನು ಕೂರಿಸಿದ. ಓಣಿಯ ದವಾಖಾನೆಯ ಬೋರ್ಡು ಬಂದಾಗ ಹುಲಿಗೆವ್ವ ಆಟೋದ ಸರಳು ಹಿಡಿದುಕೊಂಡು, ಇಲ್ಲೇ ಇಳಸ್ರಿ, ನಿಮ್ಮ ಕಾಲ ಬೀಳ್ತೇನಿ ಎಂದು ಅತ್ತಳು. ಗೌಸಮೊದ್ದೀನ ಬ್ರೇಕು ಹಾಕಿ ಹಿಂದೆ ನೋಡಿದ. ಗುಡ್ಡಪ್ಪ ಅವನ ಮುಖ ನೋಡದೆ, ಹೊಡಿ ಮಾರಾಯಾ, ನಿಂದರಬ್ಯಾಡ ಎಂದ. ರಾಯಾಪುರ ಮುಟ್ಟುವವರೆಗೆ ರಸ್ತೆಯ ಒಂದೊಂದು ತಗ್ಗಿಗೂ ಆಕೆ ಚೀರಿದಳು.

ರಕ್ತ ತೆಗೆದರು. ಬೆಳಕು ತಾಗಬಾರದೆಂದು ನಳಿಗೆಗೆ ಕಪ್ಪು ಕಾಗದ ಸುತ್ತಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಕಳಿಸಿದರು. ಆಮೇಲೆ ಸಲಾಯಿನ್ ಹಚ್ಚಿದರು, ನೋವು ಇಳಿಯಿತು. ವರದಿ ಬರಲು ತಿಂಗಳೊಪ್ಪತ್ತು ಆಗಬಹುದು ಎಂದರು. ಮನೆಗೆ ಹೊರಡುವಾಗ ಹುಲಿಗೆವ್ವನ ಮುಖದಲ್ಲಿ ಎಷ್ಟೋ ವರ್ಷಗಳಿಂದ ಇಲ್ಲದ ಕಳೆ ಇತ್ತು.

"ನನ್ನ ಬಾಯಿಮಾತು ಯಾರೂ ನಂಬಲಿಲ್ಲ," ಎಂದಳು ಗಂಡನಿಗೆ. "ಇನ್ನ ರಕ್ತಾನ ಹೇಳತೈತಿ ನೋಡ್ರಿ."

ರಕ್ತ ಖರೇ ಹೇಳಬೇಕಲ್ಲ, ಅದಕ್ಕಾಗಿ ಆಕೆ ಇನ್ನೊಂದು ನೇಮ ಹಿಡಿದಳು. ವರದಿ ಕೈಗೆ ಬರುವತನಕ ಸಂಜೆ ಒಂದು ಲೋಟ ಹಾಲು, ಅಷ್ಟೇ. ಈ ಸಲ ಗಂಡನಿಗೂ ಹೇಳಲಿಲ್ಲ. ಕಾವೇರಿಗೆ ಮಾತ್ರ ಹೇಳಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡಳು. ಆಗ ಪಿ.ಯು.ಸಿ. ಓದುತ್ತಿದ್ದ ಹುಡುಗಿ ಅವ್ವನ ಪಾಲಿನ ರೊಟ್ಟಿಯನ್ನು ದಿನಾ ಆಕಳಿಗೆ ಹಾಕಿ ಬರುತ್ತಿದ್ದಳು. ಗುಡ್ಡಪ್ಪ ಗಾಡಿ ಇಳಿಸಿ ಬರುವಷ್ಟರಲ್ಲಿ, ಅವ್ವಂದು ಉಂಡಾಗೇತಿ ಎಂಬ ಮಾತು ತಯಾರಿರುತ್ತಿತ್ತು.

ಖಾನಾವಳಿಯಲ್ಲಿ ಮೊದಲು ಗೊತ್ತಾದದ್ದು ಶಾಂತಯ್ಯನಿಗೆ. ಅಂಗೈ ಸಪ್ಪಳ ಮೆತ್ತಗಾಗಿತ್ತು. ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಒಂದು ದಿನ ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಲು ಹೋದರೆ ಕೈ ಮೇಲೇಳಲಿಲ್ಲ, ರೊಟ್ಟಿ ಬೂದಿಯಲ್ಲಿ ಬಿತ್ತು. ಆಕೆ ಅದನ್ನೇ ನೋಡುತ್ತ ಕೂತಳು. ಶಾಂತಯ್ಯ ತಾನೇ ಎಬ್ಬಿಸಿ ಮನೆಗೆ ಕಳಿಸಿದ.

ಮನೆಗೆ ಬಂದ ಮೇಲೆ ಹೊಟ್ಟೆ ಹಿಡಿಯಿತು. ಈ ಸಲ ಹಿಂದೆಂದೂ ಇಲ್ಲದ ಹಾಗೆ. ಗುಡ್ಡಪ್ಪ ಕಲಿತ ಪಾಠ ಮರೆಯಲಿಲ್ಲ, ಓಣಿಯ ದವಾಖಾನೆ ದಾಟಿ ನೇರ ರಾಯಾಪುರಕ್ಕೆ ಒಯ್ದ. ಪ್ರಾಚಿ ಓಡಿ ಬಂದರು. ಗ್ಲೂಕೋಸು ಹಚ್ಚಿದರು, ಉಸಿರಿನ ಯಂತ್ರ ಹಾಕಿದರು. ಕೈ ಹೋಗಿತ್ತು, ಆಮೇಲೆ ಕಾಲು, ಆಮೇಲೆ ದನಿ. ಕಣ್ಣುಗಳು ಮಾತ್ರ ಗಂಡನ ಮೇಲೆ ಇದ್ದವು. ವರದಿ ಬಂತೇನು ಎಂದು ಕೇಳುತ್ತಿದ್ದಾಳೆಂದು ಗುಡ್ಡಪ್ಪನಿಗೆ ಅನ್ನಿಸಿತು. ಬಂದೈತಿ ಬೇ, ಎಲ್ಲಾ ಗೊತ್ತಾಗೇತಿ ಎಂದು ಸುಳ್ಳು ಹೇಳಿದ. ಆಕೆಗೆ ಕೇಳಿಸಿತೋ ಇಲ್ಲವೋ. ಉಸಿರಿನ ಯಂತ್ರದಲ್ಲೇ ಆಕೆ ತೀರಿಕೊಂಡಳು.

ಮಣ್ಣು ಮಾಡಿ, ದಿನ ಕರ್ಮ ಎಲ್ಲ ಮುಗಿದ ಮೇಲೆ ವರದಿ ಬಂತು. ಪ್ರಾಚಿ ಯಾರನ್ನೂ ಕಳಿಸದೆ ತಾವೇ ಹಳೇ ಹುಬ್ಬಳ್ಳಿಗೆ ಬಂದರು. ಅಂದು ಶುಕ್ರವಾರ, ಮಧ್ಯಾಹ್ನ. ಗುಡ್ಡಪ್ಪ ಕಂಬಳಿ ಹಾಸಿ ಕೂರಿಸಿದ. ಅವರು ಹೇಳಿದ್ದು ಇಷ್ಟು: ರಕ್ತಕ್ಕೆ ಕೆಂಪು ಕೊಡುವ ಪದಾರ್ಥವನ್ನು ದೇಹ ಮೆಟ್ಟಿಲು ಮೆಟ್ಟಿಲಾಗಿ ತಯಾರಿಸುತ್ತದೆ. ಹುಲಿಗೆವ್ವನಲ್ಲಿ ಒಂದು ಮೆಟ್ಟಿಲು ಹುಟ್ಟಿನಿಂದಲೇ ಸಡಿಲ. ಅರ್ಧಕ್ಕೆ ಉಳಿದ ಎರಡು ಪದಾರ್ಥಗಳು ಆಕೆಯ ರಕ್ತದಲ್ಲಿ ವಿಪರೀತ ಏರಿದ್ದವು. ಪೊರ್ಫಿರಿಯಾ ಎಂದು ಹೆಸರು. ಅದೇ ಹೊಟ್ಟೆಯನ್ನು ಹಿಂಡುತ್ತದೆ, ಹೆಚ್ಚಾದರೆ ನರಗಳನ್ನೂ ಉಸಿರನ್ನೂ ಹಿಡಿಯುತ್ತದೆ. ನಾಟಕವಲ್ಲ, ಮನಸ್ಸಿನದಲ್ಲ.

ಬಾಗಿಲ ಹತ್ತಿರ ಕೂತಿದ್ದ ಶರಣವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಅದು ಯಾತರಿಂದ ಏರತೈತ್ರಿ, ಡಾಕ್ಟರ ಬಾಯಾರ?" ಎಂದು ಗುಡ್ಡಪ್ಪ ಕೇಳಿದ.

ಪ್ರಾಚಿ ಹೇಳಿದರು. "ಹೊಟ್ಟಿ ಖಾಲಿ ಇಟ್ರ ಏರ್ತದ್ರಿ. ಉಂಡ್ರ, ಸಕ್ರಿ ಹೋದ್ರ ಇಳೀತದ. ಸಲಾಯಿನ್‌ಗೆ ಕಡಿಮಿ ಆಗ್ತಿದ್ದದ್ದು ಅದಕ್ಕ. ನಾ ಊಟದ್ದು ಒಂದ ಸಲ ಕೇಳಿ ಬಿಟ್ಟೆ, ಮತ್ತ ಕೇಳಬೇಕಿತ್ತು. ಅವರು ಉಪವಾಸಾ ಏನರೆ ಮಾಡ್ತಿದ್ರೇನ್ರಿ?"

ಒಳಬಾಗಿಲಲ್ಲಿ ನಿಂತಿದ್ದ ಕಾವೇರಿ ಅಲ್ಲೇ ಕುಸಿದು ಕೂತು, ಆಣೆ ಮುರಿದು ಎಲ್ಲ ಹೇಳಿದಳು. ಹಾಲಿನ ಲೋಟ, ಆಕಳಿಗೆ ಹಾಕಿದ ರೊಟ್ಟಿ, ಎಲ್ಲವನ್ನೂ. ಪ್ರಾಚಿ ವರದಿ ಮಡಚಿಟ್ಟರು. ಆಮೇಲೆ, ಇದು ತಾಯಿಯಿಂದ ಮಗಳಿಗೆ ಬರಬಹುದು, ನಾಳೆಯೇ ಕಾವೇರಿಯ ರಕ್ತ ನೋಡಬೇಕು ಎಂದರು. ಅಲ್ಲಿಯವರೆಗೆ ಒಂದು ಹೊತ್ತೂ ಊಟ ತಪ್ಪಿಸಬಾರದು. ಹೋಗುವಾಗ ಹುಡುಗಿಯ ತಲೆ ಮುಟ್ಟಿ, ಉಂಡೆಯೇನವ್ವಾ ಎಂದು ಕೇಳಿದರು. ಕಾವೇರಿ ಮುಖ ತಿರುಗಿಸಿದಳು.

ಅವರು ಹೋದ ಮೇಲೆ ಮಗಳನ್ನು ಕೇಳಿದಾಗ ಗುಡ್ಡಪ್ಪನಿಗೆ ಗೊತ್ತಾಯಿತು. ಅವ್ವ ಸತ್ತಂದಿನಿಂದ ಕಾವೇರಿ ಅವ್ವನ ವಾರಗಳನ್ನು ತಾನು ಹಿಡಿದಿದ್ದಳು.

ಗುಡ್ಡಪ್ಪ ಎದ್ದು ಒಳಗೆ ಹೋಗಿ, ತಾಟಿಗೆ ರೊಟ್ಟಿ, ಬೇಳೆ ಹಾಕಿಕೊಂಡು ಬಂದು ಮಗಳ ಮುಂದಿಟ್ಟ. ಅವಳು ತಾಟನ್ನು ಹಿಂದಕ್ಕೆ ಸರಿಸಿದಳು.

"ಇವತ್ತ ಶುಕ್ರವಾರ ಯಪ್ಪಾ."

"ಉಣ್ಣು."

"ನಾ ಉಂಡ್ರ, ಅವ್ವ ಇಷ್ಟ ವರ್ಷ ಮಾಡಿದ್ದೆಲ್ಲಾ ಸುಮ್ನ ಆಕ್ಕೈತಿ. ಸುಮ್ನ ಸತ್ಲು ಅಂತ ಆಕ್ಕೈತಿ."

ಇಂಥ ಮಾತಿಗೆ ತಂದೆಯಾದವನು ಏನಾದರೂ ಸಮಾಧಾನ ಹೇಳಬೇಕು. ದೇವಿ ಕರಕೊಂಡಳು, ಅವ್ವನ ಪುಣ್ಯ ನಿನ್ನನ್ನು ಕಾಯುತ್ತದೆ, ಹೀಗೆ ಏನಾದರೂ. ಗುಡ್ಡಪ್ಪನ ಬಾಯಿಗೆ ಅವೆಲ್ಲ ಬಂದವು. ಆದರೆ ಅದರಲ್ಲಿ ಯಾವುದನ್ನು ಹೇಳಿದರೂ ಮುಂದಿನ ಮಂಗಳವಾರ ಹುಡುಗಿ ಮತ್ತೆ ಉಪವಾಸ ಕೂರುತ್ತಾಳೆ. ಅವನಿಗೆ ಅದು ತಿಳಿಯಿತು. ಅವನು ತಾಟನ್ನು ಮತ್ತೆ ಅವಳ ಮುಂದಕ್ಕೆ ತಳ್ಳಿದ.

"ಹೌದು," ಎಂದ. "ನಿಮ್ಮವ್ವ ಸುಮ್ನ ಸತ್ಲು. ಉಣ್ಣು."

ಕಾವೇರಿ ಅಪ್ಪನ ಮುಖ ನೋಡಿದಳು, ಅವನು ನೋಟ ಕದಲಿಸಲಿಲ್ಲ. ಅವಳು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಅಳುತ್ತ ಅಗಿದಳು. ತಾಟು ಖಾಲಿಯಾಗುವವರೆಗೆ ಗುಡ್ಡಪ್ಪ ಎದುರಿಗೇ ಕೂತಿದ್ದ. ಆಮೇಲೆ ಮಂಗಳವಾರ, ಶುಕ್ರವಾರ, ಅಮಾಸೆ, ಹುಣ್ಣಿಮೆ ಯಾವುದು ಬಂದರೂ ಹಾಗೇ ಬಂದು ಕೂರುತ್ತಿದ್ದ.